ಒಂದಕ್ಕೆ ಐವತ್ತು: ಒಂದು ನೀಲಿ ಸ್ಲೀಪರ್ ಕೋಚ್, ಏಳು ತಿಂಗಳು

ಅಂಗಡಿಯ ಕೌಂಟರ್ ಮೇಲೆ ಈಗ ನಾನೇ ಮಾಡಿದ ಒಂದು ಮಾದರಿ ರೈಲು ಕೋಚ್ ನಿಂತಿದೆ. ಉದ್ದ 42.7 ಸೆಂ.ಮೀ., ನೀಲಿ ಬಣ್ಣ, ಒಳಗೆ 72 ಬರ್ತ್. ಮೂರಡಿ ದೂರದಿಂದ ನೋಡಿದವರು "ಎಲ್ಲಿ ತಗೊಂಡ್ರಿ?" ಅಂತ ಕೇಳುತ್ತಾರೆ. ಹತ್ತಿರ ಬಂದವರು ಕೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನನ್ನದು ಕಾರವಾರದಲ್ಲಿ ಮೊಬೈಲ್ ರಿಪೇರಿ ಕೆಲಸ. ಹಾಗಾಗಿ ಚಿಮಟ, ಭೂತಗನ್ನಡಿ ಇರುವ ದೀಪ, ಬಿಸಿ ಗಾಳಿ ಗನ್, ಸೋಲ್ಡರಿಂಗ್ ಐರನ್ ಎಲ್ಲ ಮೊದಲೇ ಇದ್ದವು. ಮರಗೆಲಸ ಬರುವುದಿಲ್ಲ. ಬಣ್ಣ ಹೊಡೆದು ಗೊತ್ತಿರಲಿಲ್ಲ.

ಈ ಕೋಚೇ ಯಾಕೆ? 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ನಮಗೆ ರೈಲು ಅಂದರೆ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ನೋಡುವ ವಸ್ತು. ಶಿರವಾಡದ ಸ್ಟೇಷನ್ನಿನಲ್ಲಿ ನಾನು ಮೊದಲು ಹತ್ತಿದ್ದು ಚೆನ್ನೈನ ಐಸಿಎಫ್ ಕಾರ್ಖಾನೆಯ ಇಂಥದ್ದೇ ಕೋಚ್. ಆ ಕಾರ್ಖಾನೆ 2018ರ ಜನವರಿಯಲ್ಲಿ ಈ ಮಾದರಿಯ ಕೊನೆಯ ಕೋಚ್ ಮಾಡಿ ಮುಗಿಸಿತು. ಈಗ ಹೊಸದಾಗಿ ಬರುವುದು ಹೆಚ್ಚಾಗಿ ಎಲ್‌ಎಚ್‌ಬಿ ಅನ್ನುವ ಮಾದರಿ. ಅದು ಉದ್ದ, ಕುಲುಕಾಟ ಕಡಿಮೆ, ಒಳ್ಳೆಯದೇ. ಆದರೆ ನನಗೆ ಬೇಕಾಗಿದ್ದು ಹಳೆಯದು.

ಒಂದು ಮಾತು. ನಾವೆಲ್ಲ ಇಡೀ ಕೋಚಿಗೆ ಬೋಗಿ ಅನ್ನುತ್ತೇವೆ. ರೈಲ್ವೆಯವರಿಗೆ ಬೋಗಿ ಅಂದರೆ ಕೆಳಗಿನ ಚಕ್ರಗಳ ಚೌಕಟ್ಟು ಮಾತ್ರ. ಇಲ್ಲಿ ಅವರ ಪದ್ಧತಿಯಲ್ಲೇ ಬರೆಯುತ್ತೇನೆ, ಇಲ್ಲವಾದರೆ ಗಲಿಬಿಲಿ.

1. ಜೂನ್ 9, 2024: ಲೆಕ್ಕ

ಹೊರಗೆ ಸಿಗುವ ರೆಡಿ ಮಾದರಿಗಳು ಹೆಚ್ಚಿನವು ಒಂದಕ್ಕೆ 87ರ ಅಳತೆಯವು. ಅವುಗಳ ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ., ಅದು ಹೊರದೇಶದ ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ. ಅಂದರೆ ರೆಡಿ ಚಕ್ರ ಹಾಕಿದರೆ ನಮ್ಮ ಕೋಚ್ ಕಿರಿದಾದ ಚಪ್ಪಲಿ ಹಾಕಿದ ಹಾಗೆ ಕಾಣುತ್ತದೆ. ಹೇಗಿದ್ದರೂ ಚಕ್ರ ನಾನೇ ಮಾಡಬೇಕು ಅಂದ ಮೇಲೆ ಲೆಕ್ಕಕ್ಕೆ ಸುಲಭವಾದ ಒಂದಕ್ಕೆ ಐವತ್ತನ್ನು ಹಿಡಿದೆ. ನಿಜದ ಒಂದು ಮೀಟರ್ ನನ್ನ ಮೇಜಿನ ಮೇಲೆ 2 ಸೆಂ.ಮೀ.

ಕೋಚಿನ ಮೈ ಉದ್ದ 21,337 ಮಿ.ಮೀ. ಇದೆಂಥ ಸಂಖ್ಯೆ ಅನಿಸಿತು. ಅಡಿಗೆ ತಿರುಗಿಸಿದರೆ ಹೆಚ್ಚುಕಡಿಮೆ 70 ಅಡಿ. ನನಗೆ 426.7. ಅಗಲ 3,245, ನನಗೆ 64.9. ಎರಡು ಬೋಗಿಗಳ ನಡುಮಧ್ಯದ ಅಂತರ 14,783, ನನಗೆ 295.7. ಬೋಗಿಯ ಎರಡು ಅಚ್ಚುಗಳ (ಆಕ್ಸಲ್) ನಡುವೆ 2,896, ನನಗೆ 58. ಚಕ್ರ 915, ನನಗೆ 18.3. ಈ ಐದು ಸಂಖ್ಯೆಗಳನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದೆ.

2. ಜೂನ್ 16ರಿಂದ 30: ಮೊದಲ ಮೈ, ಕಸದ ಬುಟ್ಟಿಗೆ

ಕಂಪ್ಯೂಟರಿನಲ್ಲಿ ಪಕ್ಕದ ಗೋಡೆಯ ಚಿತ್ರ ಬರೆದು ಎ3 ಹಾಳೆಯ ಮೇಲೆ ಪ್ರಿಂಟ್ ತೆಗೆಸಿದೆ. ಅದನ್ನು 5 ಮಿ.ಮೀ. ಸನ್‌ಬೋರ್ಡಿಗೆ (ಹಗುರ ಫೋಮ್ ಹಲಗೆ) ಅಂಟಿಸಿ ಕತ್ತರಿಸಿದೆ. ಎರಡು ವಾರ ರಾತ್ರಿ ಕೆಲಸ. ಡಬ್ಬ ಕೂಡಿತು, ಚೆಂದ ಕಂಡಿತು.

ಬೋಗಿಗೆ ತೂತು ಹಾಕಲು 295.7 ಅಳೆದಾಗ ಯಾಕೋ ತುದಿಗಳಲ್ಲಿ ಜಾಗ ಕಡಿಮೆ ಉಳಿಯಿತು. ಸ್ಕೇಲ್ ಇಟ್ಟು ನೋಡಿದರೆ ಮೈ ಉದ್ದ 410! ಎ3 ಹಾಳೆಯೇ 420 ಮಿ.ಮೀ. 426.7ರ ಚಿತ್ರ ಅದರಲ್ಲಿ ಹಿಡಿಸುವುದು ಹೇಗೆ? ಪ್ರಿಂಟರ್ ತನ್ನಷ್ಟಕ್ಕೆ ತಾನೇ ಚಿತ್ರವನ್ನು ಕುಗ್ಗಿಸಿ ಹಾಳೆಗೆ ಹೊಂದಿಸಿತ್ತು. ಅಂಗಡಿಯ ಹುಡುಗನ ತಪ್ಪಲ್ಲ. ಪ್ರಿಂಟ್ ಕೈಗೆ ಬಂದ ತಕ್ಷಣ ಸ್ಕೇಲ್ ಇಡಬೇಕಿತ್ತು, ಇಡಲಿಲ್ಲ.

ಆದರೂ ಅದನ್ನೇ ಮುಂದುವರಿಸುವ ಆಸೆ ಇತ್ತು. ಆಗ ಎರಡನೇ ತಪ್ಪು ಗೊತ್ತಾಯಿತು. ಗೋಡೆ 5 ಮಿ.ಮೀ. ದಪ್ಪ, ಎರಡು ಕಡೆ ಸೇರಿ 10. ಒಳಗೆ ಉಳಿದದ್ದು 52. ಉದ್ದ ಬರ್ತ್ 37 ಬೇಕು, ಪಕ್ಕದ ಬರ್ತ್ 11 ಬೇಕು. ನಡುವಿನ ದಾರಿಗೆ 4 ಮಿ.ಮೀ., ಅಂದರೆ ನಿಜದಲ್ಲಿ 20 ಸೆಂ.ಮೀ. ಚಹಾ ಮಾರುವವನು ಅಡ್ಡಡ್ಡ ನಡೆದರೂ ಹೋಗಲಾರ. 180 ರೂಪಾಯಿಯ ಸನ್‌ಬೋರ್ಡ್ ಹೋಯಿತು.

3. ಜುಲೈ: ಎಬಿಎಸ್ ಹಾಳೆ

1 ಮಿ.ಮೀ. ದಪ್ಪದ ಬಿಳಿ ಎಬಿಎಸ್ ಪ್ಲಾಸ್ಟಿಕ್ ಹಾಳೆ, ಆರು, ಆನ್‌ಲೈನಿನಲ್ಲಿ ತರಿಸಿದೆ. ಸಾಗಾಟ ಸೇರಿ 830 ರೂಪಾಯಿ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆ ದಿನಗಳಲ್ಲಿ ಪಾರ್ಸೆಲ್ ಎಲ್ಲಿದೆ ಅಂತ ಕೇಳುವ ಮನಸ್ಸು ಯಾರಿಗೂ ಇರಲಿಲ್ಲ. ನನ್ನ ಪೊಟ್ಟಣ ಆಗಸ್ಟ್ ಮೊದಲ ವಾರ ಬಂತು.

ಬಿಚ್ಚಿ ನೋಡಿದರೆ ಮತ್ತೆ ಎ3! 420 ಮಿ.ಮೀ. ಅದೇ ಕಲ್ಲಿಗೆ ಎರಡನೇ ಸಲ ಎಡವಿದೆ. ಈ ಸಲ ಮಾತ್ರ ದಾರಿ ಸಿಕ್ಕಿತು. ಎರಡು ಬಾಗಿಲುಗಳ ನಡುವಿನ ಭಾಗ ಒಂದು ತುಂಡು, ಬಾಗಿಲಿನಾಚೆಯ ಶೌಚಾಲಯದ ಭಾಗ ಬೇರೆ ತುಂಡು. ಜೋಡಣೆಯ ಗೆರೆ ಬಾಗಿಲಿನ ಚೌಕಟ್ಟಿನ ಹಿಂದೆ ಮುಚ್ಚಿಹೋಗುತ್ತದೆ. ಒಳಗಿಂದ ಒಂದು ಪಟ್ಟಿ ಅಂಟಿಸಿದರೆ ಗಟ್ಟಿ.

ಸಂದುಗಳಿಗೆ ಸೂಪರ್ ಗ್ಲೂ ಹಾಕಿ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿದೆ. ತಕ್ಷಣ ಕಲ್ಲಿನಂತಾಗುತ್ತದೆ, ಉಜ್ಜಬಹುದು. ಆದರೆ ಬಿಸಿಯಾಗಿ ಹೊಗೆ ಬರುತ್ತದೆ, ಮುಖ ಹತ್ತಿರ ಇಡಬೇಡಿ.

4. ಆಗಸ್ಟ್ 11ರಿಂದ 25: ಕಿಟಕಿ

ಒಂದು ಬದಿಗೆ 18 ಕಿಟಕಿ. ಒಂಬತ್ತು ವಿಭಾಗ, ಒಂದೊಂದಕ್ಕೆ ಎರಡು. ಎರಡು ಬದಿ ಸೇರಿ 36. ಶೌಚಾಲಯದ ಚಿಕ್ಕ ಕಿಟಕಿ ಬೇರೆ.

ಕಿಟಕಿಯ ಮೂಲೆ ದುಂಡಗಿರುತ್ತದೆ. ಮೊದಲ ನಾಲ್ಕನ್ನು ಬ್ಲೇಡಿನಲ್ಲೇ ದುಂಡಗೆ ಕೊರೆಯಲು ಹೋದೆ. ಒಂದೊಂದು ಮೂಲೆ ಒಂದೊಂದು ತರಹ ಬಂತು. ಆಮೇಲೆ ಹೊಳೆದದ್ದು ಇಷ್ಟು: ಮೊದಲು ನಾಲ್ಕು ಮೂಲೆಗೂ ಕೈ ಡ್ರಿಲ್ಲಿನಲ್ಲಿ 1.5 ಮಿ.ಮೀ. ತೂತು ಹಾಕುವುದು, ಆಮೇಲೆ ತೂತಿನಿಂದ ತೂತಿಗೆ ನೇರ ಗೆರೆ ಎಳೆಯುವುದು. 11ನೇ ನಂಬರ್ ಬ್ಲೇಡ್, ಸ್ಟೀಲ್ ಸ್ಕೇಲ್. ಒಂದೇ ಸಲ ಒತ್ತಿ ಕತ್ತರಿಸಬಾರದು, ಹಗುರವಾಗಿ ಏಳೆಂಟು ಸಲ ಎಳೆಯಬೇಕು. ಒಂದು ಬದಿಗೆ 11 ಗಂಟೆ ಹಿಡಿಯಿತು. ಹತ್ತು ಬ್ಲೇಡ್ ಮೊಂಡಾದವು.

ಇಲ್ಲಿಯ ತಪ್ಪು: ಒಂದು ಬದಿಗೆ ಕೆಳಗಿನ ಅಂಚಿನಿಂದ ಅಳೆದು ಗುರುತು ಮಾಡಿದೆ, ಇನ್ನೊಂದು ಬದಿಗೆ ಮೇಲಿನ ಅಂಚಿನಿಂದ. ಹಾಳೆ ಕತ್ತರಿಸುವಾಗ ಅರ್ಧ ಮಿ.ಮೀ. ಹೆಚ್ಚುಕಡಿಮೆ ಆಗಿತ್ತು. ಹಾಗಾಗಿ ಎರಡು ಬದಿಯ ಕಿಟಕಿಗಳು ಒಂದೇ ಎತ್ತರದಲ್ಲಿಲ್ಲ. ಒಂದು ಬದಿಯಿಂದ ಕಣ್ಣು ಹಾಯಿಸಿದರೆ ಆ ಕಡೆಯ ಕಿಟಕಿ ಸ್ವಲ್ಪ ಇಳಿದ ಹಾಗೆ ಕಾಣುತ್ತದೆ. ಸರಿಮಾಡಲು ಆಗಲಿಲ್ಲ. ಹಾಗೇ ಇದೆ.

5. ಸೆಪ್ಟೆಂಬರ್: ಸರಳುಗಳು

ಚೌತಿಯ ಗಡಿಬಿಡಿ ಕಳೆದ ಮೇಲೆ ಸರಳಿಗೆ ಕೈ ಹಾಕಿದೆ. ಹಳೆಯ ಸ್ಲೀಪರ್ ಕೋಚಿನ ಮುಖವೇ ಆ ಅಡ್ಡ ಸರಳುಗಳು. ಅವು ಇಲ್ಲದಿದ್ದರೆ ಬಸ್ಸಿನಂತೆ ಕಾಣುತ್ತದೆ. ತುರ್ತು ಕಿಟಕಿ ನಾಲ್ಕಕ್ಕೆ ಸರಳಿಲ್ಲ. ಉಳಿದ 32ಕ್ಕೆ ಐದೈದರಂತೆ 160 ತುಂಡು ತಂತಿ.

ಮೋಟಾರ್ ವೈಂಡಿಂಗ್ ಅಂಗಡಿಯಿಂದ 33 ನಂಬರಿನ ತಾಮ್ರದ ತಂತಿ ತಂದೆ, ದಪ್ಪ ಕಾಲು ಮಿ.ಮೀ. ತುಂಡು ಮಾಡಿ ಒಂದೊಂದಾಗಿ ಅಂಟಿಸತೊಡಗಿದೆ. ಮೂರು ರಾತ್ರಿಯಲ್ಲಿ ಐದು ಕಿಟಕಿ. ಒಂದೂ ಸಮ ಇರಲಿಲ್ಲ. ಜೈಲಿನಿಂದ ಯಾರೋ ಸರಳು ಬಗ್ಗಿಸಿ ಓಡಿಹೋದಂತಿತ್ತು.

ಎಲ್ಲ ಕಿತ್ತು ಹಾಕಿದೆ. ಎರಡನೇ ಉಪಾಯ: ತುಂಡು ಬೇಡ, ಇಡೀ ಗೋಡೆಯ ಉದ್ದಕ್ಕೂ ಒಂದೇ ತಂತಿ. ಒಂದು ತುದಿಯನ್ನು ವೈಸಿಗೆ ಸಿಕ್ಕಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದರೆ ತಂತಿ ಒಂದು ಕ್ಷಣ ಹಿಗ್ಗಿ ಗೆರೆ ಎಳೆದಷ್ಟು ನೇರವಾಗುತ್ತದೆ, ಗಡಸೂ ಆಗುತ್ತದೆ. ಹಳೆಯ ಬಾಚಣಿಗೆಯ ಎರಡು ತುಂಡುಗಳನ್ನು ಗೋಡೆಯ ಎರಡು ತುದಿಗೆ ತಾತ್ಕಾಲಿಕವಾಗಿ ಕೂರಿಸಿದೆ. ಅದರ ಹಲ್ಲುಗಳ ನಡುವೆ ಐದು ತಂತಿ ಬಿಗಿದು, ಎಲ್ಲ ಕಿಟಕಿಗಳ ಹಿಂದೆ ಹಾಯಿಸಿ, ನಡುನಡುವೆ ಅಂಟಿನ ಚುಕ್ಕೆ ಇಟ್ಟೆ. ತುರ್ತು ಕಿಟಕಿ ಬಂದಲ್ಲಿ ತುಂಡರಿಸಿದೆ. ಎರಡು ಬದಿಯೂ ಎರಡು ಸಂಜೆಯಲ್ಲಿ ಮುಗಿದವು. ಈ ಇಡೀ ಕೆಲಸದಲ್ಲಿ ನನಗೆ ನಿಜವಾಗಿ ಹೆಮ್ಮೆ ಇರುವುದು ಇದೊಂದರ ಬಗ್ಗೆ.

ಗಾಜಿಗೆ ಪಾರದರ್ಶಕ ಹಾಳೆ ಬಳಸಿದೆ. ಅದನ್ನು ಸೂಪರ್ ಗ್ಲೂವಿನಿಂದ ಅಂಟಿಸಿದ್ದು ತಪ್ಪಾಯಿತು. ಅಂಟಿನ ಆವಿಗೆ ಗಾಜೆಲ್ಲ ಬೆಳ್ಳಗಾಯಿತು. ಶೌಚಾಲಯದ ಕಿಟಕಿಗೆ ಅಂಥದ್ದೇ ಮಂಜು ಗಾಜು ಬೇಕಿತ್ತು, ಅಲ್ಲಿ ಉಳಿಸಿಕೊಂಡೆ. ಉಳಿದವನ್ನು ಬದಲಿಸಿ ಮಕ್ಕಳ ಬಿಳಿ ಗೋಂದು ಹಾಕಿದೆ.

6. ಸೆಪ್ಟೆಂಬರ್ ಕೊನೆ: ಮಾಡು (ಚಾವಣಿ)

75 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಮಾಡು ರೆಡಿ ಅಂದುಕೊಂಡಿದ್ದೆ. ಇಟ್ಟು ನೋಡಿದರೆ ಕಮಾನು ಗಾಡಿ! ನಿಜದ ಮಾಡು ನಡುವೆ ಹೆಚ್ಚುಕಡಿಮೆ ಚಪ್ಪಟೆ, ಅಂಚಿನಲ್ಲಿ ಮಾತ್ರ ಬಾಗುತ್ತದೆ.

ನಮ್ಮ ಓಣಿಯ ಆಚಾರಿಯವರ ಹತ್ತಿರ ಹೋಗಿ ಹಲಸಿನ ತುಂಡಿನಲ್ಲಿ ಒಂದು ಅಚ್ಚು ಕೇಳಿದೆ. ಅಡ್ಡಸೀಳಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಇದೆಂತ ಮಾರಾಯ್ರೆ, ದೋಣಿಯಾ?" ಅಂದರು. ರೈಲು ಅಂದೆ. "ರೈಲಿಗೆ ಹಲಸು ಯಾಕೆ" ಅಂತ ಗೊಣಗಿದರೂ ಮಾರನೇ ದಿನ ನುಣುಪಾಗಿ ಹೆರೆದು ಕೊಟ್ಟರು. 300 ರೂಪಾಯಿ.

ಎಬಿಎಸ್ ಹಾಳೆಯನ್ನು ಅಚ್ಚಿನ ಮೇಲೆ ಬಿಗಿದು ಬಿಸಿ ಗಾಳಿ ಗನ್ನಿನಿಂದ ಅಂಚುಗಳನ್ನಷ್ಟೇ ಕಾಯಿಸಿ, ಬಟ್ಟೆಯಿಂದ ಒತ್ತಿ ಹಿಡಿದೆ. ಮೊದಲ ಹಾಳೆ ಜಾಸ್ತಿ ಕಾದು ಗುಳ್ಳೆ ಬಂತು. ಎರಡನೆಯದು ಸರಿಯಾಯಿತು. ಮೇಲಿನ ಗಾಳಿಗೂಡುಗಳನ್ನು ಎಬಿಎಸ್ ಚೂರುಗಳಿಂದ ಮಾಡಿದೆ, ಅದರಲ್ಲಿ ಹೇಳುವಂಥದ್ದೇನಿಲ್ಲ.

7. ಅಕ್ಟೋಬರ್: ಬೋಗಿ

ಚಕ್ರಕ್ಕೆ ದರ್ಜಿಯ ಅಂಗಡಿಗೆ ಹೋದೆ. ಗುಂಡಿಗಳಿಗೆ ನಂಬರ್ ಇದೆ, 40 ಅಂದರೆ ಒಂದು ಇಂಚು. 28ರ ಗುಂಡಿ 17.8 ಮಿ.ಮೀ., 30ರದು 19. ಹಳಿಯ ಮೇಲೆ ಉರುಳುವ ಭಾಗಕ್ಕೆ 28, ಒಳಗಿನ ಅಂಚುಪಟ್ಟಿಗೆ 30. ಎರಡನ್ನು ಬೆನ್ನಿಗೆ ಬೆನ್ನು ಅಂಟಿಸಿದರೆ ಒಂದು ಚಕ್ರ. ಎಂಟು ಚಕ್ರಕ್ಕೆ 16 ಗುಂಡಿ, 40 ರೂಪಾಯಿ. ಚಕ್ರದ ಅಚ್ಚಿಗೆ 2 ಮಿ.ಮೀ. ಸೈಕಲ್ ಕಡ್ಡಿ.

ಗುಂಡಿಗೆ ನಾಲ್ಕು ತೂತು, ನಡುಮಧ್ಯದಲ್ಲಿ ತೂತಿಲ್ಲ. ಕಣ್ಣಂದಾಜಿಗೆ ಕೊರೆದೆ. ಉರುಳಿಸಿದರೆ ಕೋಚ್ ಕುಡಿದವನ ಹಾಗೆ ತೂಗಾಡಿತು. ಆಮೇಲೆ ಚಕ್ರವನ್ನು ಅಚ್ಚಿಗೆ ಕೂರಿಸಿ, ಅಚ್ಚನ್ನು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸುತ್ತಾ ಅರದಿಂದ ಸುತ್ತ ಉಜ್ಜಿದೆ. ವ್ಯಾಸ ಕಾಲು ಮಿ.ಮೀ. ಕಡಿಮೆಯಾಯಿತು, ತೂಗಾಟ ನಿಂತಿತು. ಎರಡು ಚಕ್ರಗಳ ಒಳಮೈ ನಡುವೆ ನಿಜದಲ್ಲಿ 1,600 ಮಿ.ಮೀ. ಇರಬೇಕು, ನನಗೆ 32. ಅದಕ್ಕೆ ಸರಿಯಾಗಿ ಒಂದು ಪ್ಲಾಸ್ಟಿಕ್ ತುಂಡು ಕತ್ತರಿಸಿಟ್ಟು, ಪ್ರತಿ ಜೋಡಿಗೂ ಅದನ್ನೇ ನಡುವೆ ಇಟ್ಟು ಕೂರಿಸಿದೆ.

ಇನ್ನು ಸ್ಪ್ರಿಂಗ್. ಒಂದೊಂದು ಚಕ್ರದ ಹತ್ತಿರ ಎರಡು, ಒಂದು ಬೋಗಿಗೆ ಎಂಟು, ಕೋಚಿಗೆ 16. ಐದು ರೂಪಾಯಿಯ ಬಾಲ್‌ಪೆನ್ನಿನ ಸ್ಪ್ರಿಂಗ್ ಅಳತೆಗೆ ಹೊಂದುತ್ತದೆ. ಎಂಟು ಪೆನ್ನು ಬಿಚ್ಚಿ, ಒಂದೊಂದನ್ನು ಎರಡು ಮಾಡಿದೆ. ಮಗಳು "ಪಪ್ಪಾ, ನನ್ನ ಪೆನ್ನು ಯಾಕೆ ಕ್ಲಿಕ್ ಆಗ್ತಿಲ್ಲ?" ಅಂತ ಕೇಳಿದ್ದು ಇದೇ ವಾರ.

ಸ್ಪ್ರಿಂಗ್ ನಿಜವಾಗಿ ಕುಣಿಯಬೇಕು ಅಂತ ನನಗೆ ಹಟ. ಕೋಚ್ ಕೂರಿಸಿ ಬಫರಿನ (ಕೋಚಿನ ತುದಿಯಲ್ಲಿ ಗುದ್ದು ತಡೆಯುವ ದುಂಡು ತಟ್ಟೆ) ಎತ್ತರ ಅಳೆದೆ. ಹಳಿಯಿಂದ ಬಫರಿನ ನಡುವಿಗೆ ನಿಜದಲ್ಲಿ ಹೆಚ್ಚೆಂದರೆ 1,105 ಮಿ.ಮೀ., ನನಗೆ 22. ಬಂದದ್ದು 25. ಕೋಚ್ ಹಗುರ, ಸ್ಪ್ರಿಂಗ್ ಒತ್ತಿಕೊಳ್ಳುತ್ತಲೇ ಇಲ್ಲ. ಮೀನುಗಾರಿಕೆ ಬಂದರು ಬೈತಖೋಲಿನ ಗೆಳೆಯನಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದು ತಳದಲ್ಲಿ 400 ಗ್ರಾಂ ತುಂಬಿದೆ. ಇಳಿದದ್ದು ಅರ್ಧ ಮಿ.ಮೀ. ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನುವುದು ಆಮೇಲೆ ತಲೆಗೆ ಹೊಳೆಯಿತು. ಎರಡು ಕಿಲೋ ಹಾಕಿದರೆ ಗುಂಡಿಯ ಚಕ್ರ ಉಳಿಯುವುದಿಲ್ಲ. ಒಂದು ವಾರ ಹಟ ಹಿಡಿದು, ಕೊನೆಗೆ ಪ್ರತಿ ಸ್ಪ್ರಿಂಗನ್ನೂ ಒತ್ತಿ, ಒಳಗೆ ಕಡ್ಡಿ ಇಟ್ಟು ಅಂಟಿಸಿಬಿಟ್ಟೆ. ಈಗ ಅವು ನೋಡಲಿಕ್ಕೆ ಮಾತ್ರ ಸ್ಪ್ರಿಂಗ್. ಎತ್ತರ 22ಕ್ಕೆ ಬಂತು. ಸೀಸ ಹಾಗೇ ಬಿಟ್ಟೆ, ಉರುಳುವಾಗ ಗಾಂಭೀರ್ಯ ಬರುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ.

8. ಬಣ್ಣ (ಸೆಪ್ಟೆಂಬರ್‌ನಲ್ಲೇ ಶುರುವಾಗಿ ನವೆಂಬರ್‌ವರೆಗೆ)

ಇದನ್ನು ಬರೆಯುವುದು ಬೇಡ ಅನಿಸಿತ್ತು. ಮಾಡು ಕೂರಿಸಿದ ಮರುದಿನ, ಹೊರಗೆ ಮಳೆ ಧೋ ಅಂತ ಸುರಿಯುತ್ತಿರುವಾಗ, ಅವಸರಕ್ಕೆ ಸ್ಪ್ರೇ ಕ್ಯಾನ್ ಹಿಡಿದೆ. ಹತ್ತು ನಿಮಿಷದಲ್ಲಿ ಕಡುನೀಲಿ ಬಣ್ಣದ ಮೇಲೆ ಬೂದಿ ಎರಚಿದಂತಾಯಿತು. ತಿನ್ನರ್ ಆವಿಯಾಗುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಬಣ್ಣದ ಮೇಲೆ ಕೂರುತ್ತದೆ. ಕಾರವಾರದ ಮಳೆಗಾಲದಲ್ಲಿ ಒಗೆದ ಅಂಗಿ ಮೂರು ದಿನಕ್ಕೂ ಒಣಗುವುದಿಲ್ಲ, ಇದು ನನಗೆ ಗೊತ್ತಿರಬೇಕಿತ್ತು.

800 ನಂಬರಿನ ನೀರುಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಎಲ್ಲ ಉಜ್ಜಿದೆ. ಹಳೆಯ ಟಿವಿಯ ರಟ್ಟಿನ ಪೆಟ್ಟಿಗೆಯಲ್ಲಿ 60 ವ್ಯಾಟಿನ ಬಲ್ಬ್ ಉರಿಸಿ ಒಣ ಗೂಡು ಮಾಡಿದೆ. ಕೋಚನ್ನು ಒಂದು ಗಂಟೆ ಅದರಲ್ಲಿಟ್ಟು, ತೆಗೆದು ತೆಳುವಾಗಿ ಹೊಡೆದು, ಮತ್ತೆ ಒಳಗಿಡುವುದು. ಬಣ್ಣ ಹೊಳೆಯಿತು. ಆದರೆ ಎರಡನೇ ದಿನ ಬಲ್ಬಿಗೆ ಜಾಸ್ತಿ ಹತ್ತಿರ ಇಟ್ಟು ಊಟಕ್ಕೆ ಕೂತೆ. ಮಾಡಿನ ಒಂದು ಮೂಲೆ ಬಾಗಿತು. ಕೋಚನ್ನು ಆ ಮೂಲೆ ಗೋಡೆ ಕಡೆಗೆ ಬರುವಂತೆ ಇಟ್ಟಿರುವುದು ಅದಕ್ಕೇ.

ಕಿಟಕಿ ಸಾಲಿನ ತಿಳಿನೀಲಿ ಪಟ್ಟಿಗೆ: ಮೊದಲು ತಿಳಿನೀಲಿ, ಅದರ ಮೇಲೆ ಟೇಪ್, ಆಮೇಲೆ ಕಡುನೀಲಿ. ಮೊದಲ ಸಲ ಟೇಪಿನಡಿ ಬಣ್ಣ ನುಸುಳಿ ಅಂಚು ಹಲ್ಲುಹಲ್ಲಾಯಿತು. ಎರಡನೇ ಸಲ ಟೇಪ್ ಹಾಕಿದ ಮೇಲೆ ಅಂಚಿಗೆ ಮತ್ತೊಮ್ಮೆ ತಿಳಿನೀಲಿಯನ್ನೇ ಹೊಡೆದೆ. ನುಸುಳುವುದು ಅದೇ ಬಣ್ಣ, ಸಂದೂ ಮುಚ್ಚುತ್ತದೆ. ಅದರ ಮೇಲೆ ಕಡುನೀಲಿ. ಗೆರೆ ಚಾಕುವಿನಲ್ಲಿ ಕೊಯ್ದಂತೆ ಬಂತು. ಒಟ್ಟು ಐದು ಕ್ಯಾನ್, 1,300 ರೂಪಾಯಿ. ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಇದೇ.

9. ಡಿಸೆಂಬರ್: ಒಳಗೆ

ಶಿರಸಿಯ ನಮ್ಮ ಭಾವ ಒಂದು ಕಟ್ಟು ಅಡಿಕೆ ಹಾಳೆ ತಂದಿದ್ದರು. ಅದರ ಒಳಪದರ ಸುಲಿದು ಬರ್ತ್ ಮಾಡಿದರೆ ಬಣ್ಣವೂ ಬೇಡ ಅನಿಸಿ, ಆಗಸ್ಟಿನಲ್ಲೇ ಇಪ್ಪತ್ತು ಕತ್ತರಿಸಿಟ್ಟಿದ್ದೆ. ತೆಗೆದು ನೋಡಿದರೆ ಎಲ್ಲದಕ್ಕೂ ಬೂಷ್ಟು. 72 ಬರ್ತನ್ನೂ ಎಬಿಎಸ್‌ನಲ್ಲೇ ಮಾಡಿದೆ. ನಡುವಿನ ಬರ್ತನ್ನು ಹಗಲಿನಂತೆ ಕೆಳಗೆ ಮಡಚಿಟ್ಟೆ, ಇಲ್ಲವಾದರೆ ಒಳಗೆ ಏನೂ ಕಾಣುವುದಿಲ್ಲ.

ಭಾವ ಕೋಚ್ ನೋಡಿ, "ನಮ್ಮ ಶಿರಸಿಗೆ ಬರೋ ಮೊದಲ ರೈಲು ಇದೇ ಇರಬೇಕು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಕೊಂಡು ಹೋಗ್ತೆ" ಅಂದರು. ಶಿರಸಿಯವರು ಇವತ್ತಿಗೂ ರೈಲು ಹತ್ತಬೇಕಾದರೆ ತಾಳಗುಪ್ಪಕ್ಕೋ ಕುಮಟಾಕ್ಕೋ ಹೋಗಬೇಕು. ನಗಬೇಕೋ ಬೇಡವೋ ತಿಳಿಯಲಿಲ್ಲ.

ದೀಪ ನನ್ನ ಕಸುಬು, ಅರ್ಧ ಗಂಟೆಯಲ್ಲಿ ಹಾಕಿದೆ. ಹಚ್ಚಿದರೆ ಕಿಟಕಿಯಷ್ಟೇ ಅಲ್ಲ, ಬಣ್ಣ ತೆಳುವಿದ್ದಲ್ಲೆಲ್ಲ ಗೋಡೆಯೂ ಬೆಳಗಿತು! ಬಿಳಿ ಎಬಿಎಸ್ ಬೆಳಕು ಬಿಡುತ್ತದೆ. ಒಳಗೋಡೆಗೆ ಮೊದಲೇ ಕಪ್ಪು ಹೊಡೆಯಬೇಕಿತ್ತು. ಬರ್ತುಗಳನ್ನು ಅಂಟಿಸಿ ಆಗಿದೆ, ಈಗ ಬ್ರಷ್ ಹೋಗುವುದಿಲ್ಲ. ದೀಪದ ಬೆಳಕನ್ನು ಅರ್ಧಕ್ಕೆ ಇಳಿಸಿ ಸುಮ್ಮನಾದೆ.

10. ಜನವರಿ 2025: ನಂಬರ್

ಇಂಥ ಹಳೆಯ ಕೋಚಿನ ಮೈಮೇಲೆ ಐದಂಕಿಯ ನಂಬರ್ ಇರುತ್ತದೆ. ಮೊದಲ ಎರಡಂಕಿ ಮಾಡಿದ ವರ್ಷ ಅಂತ ಗೊತ್ತಿತ್ತು. ಕೊಂಕಣ ರೈಲಿನ ನೆನಪಿಗೆ 98 ಇಟ್ಟು, ಮುಂದೆ ಸುಮ್ನೆ 512 ಅಂತ ಹಾಕಿ ಸ್ಟಿಕ್ಕರ್ ಮಾಡಿಸಿದೆ. ರೈಲ್ವೆಯಲ್ಲಿ ಕೆಲಸ ಮಾಡುವ ಗೆಳೆಯ ಒಬ್ಬ ಚಾರ್ಜರ್ ಕೊಳ್ಳಲು ಬಂದವನು ನೋಡಿ ನಗತೊಡಗಿದ. "ಜನರಲ್ ಕೋಚಿನಲ್ಲಿ ಬರ್ತ್ ಹಾಕಿದ್ದೀಯಲ್ಲ ಮಾರಾಯಾ!" ಕೊನೆಯ ಮೂರಂಕಿ ಕೋಚಿನ ಜಾತಿ ಹೇಳುತ್ತದಂತೆ: 201ರಿಂದ 400 ಸ್ಲೀಪರ್, 401ರಿಂದ 600 ಜನರಲ್. ಸ್ಟಿಕ್ಕರ್ ಕಿತ್ತು 98234 ಮಾಡಿಸಿದೆ. ಕೀಳುವಾಗ ಎರಡು ಕಡೆ ಬಣ್ಣವೂ ಎದ್ದು ಬಂತು, ಸಣ್ಣ ಬ್ರಷ್ಷಿನಿಂದ ತೇಪೆ ಹಾಕಿದೆ. ಊರಿನ ಫಲಕದಲ್ಲಿ ಮಾತ್ರ ತಪ್ಪಿಲ್ಲ, ಕನ್ನಡದಲ್ಲಿ "ಕಾರವಾರ – ಮಂಗಳೂರು".

ಹಳಿಯ ಕೆಳಗೆ ಹಾಸಲು ಬೀಚಿನ ಮರಳು ತಂದಿದ್ದೆ. ತೊಳೆಯಲಿಲ್ಲ. ಉಪ್ಪು ತೇವ ಹಿಡಿದು ಒಂದೇ ವಾರದಲ್ಲಿ ಕಬ್ಬಿಣದ ಪಟ್ಟಿಯ ಹಳಿಗೆ ತುಕ್ಕು ಬಂತು. ನಿಜ ಹೇಳಬೇಕೆಂದರೆ ತುಕ್ಕು ಚೆನ್ನಾಗಿಯೇ ಕಂಡಿತು. ಆದರೆ ದೀಪದ ತಂತಿಯ ಬೆಸುಗೆಗೂ ಹಸಿರು ಹಿಡಿಯಿತು. ಮರಳು ಕೆರೆದು ತೆಗೆದು ಜಲ್ಲಿ ಪುಡಿಯನ್ನು ಜರಡಿ ಹಿಡಿದು ಹಾಕಿದೆ.

ಒಟ್ಟು ಖರ್ಚು 3,160 ರೂಪಾಯಿ. ಮೇಲಿನ ಗಾಜಿನ ಪೆಟ್ಟಿಗೆಗೆ ಬೇರೆ 900.

ಬಾಕಿ ಇರುವುದು ಒಂದು. ನಾಲ್ಕು ಬಫರಿಗೆ ಹಿತ್ತಾಳೆಯ ಡ್ರಾಯಿಂಗ್ ಪಿನ್ ಹಾಕಿದ್ದೆ, ಅದರ ಸ್ವಲ್ಪ ಉಬ್ಬಿದ ತಲೆ ಹೇಳಿ ಮಾಡಿಸಿದಂತಿತ್ತು. ಮೊನ್ನೆ ಸಂತೆಯ ದಿನ ಗಿರಾಕಿಯೊಬ್ಬರ ಮಗು ಕೋಚನ್ನು ಗೋಡೆಗೆ ಗುದ್ದಿಸಿತು, ಒಂದು ಹಾರಿಹೋಯಿತು. ಕೌಂಟರ್ ಅಡಿ ಎಲ್ಲ ಗುಡಿಸಿದೆ, ಸಿಗಲಿಲ್ಲ. ಈಗ ಅಂಗಡಿಗಳಲ್ಲಿ ಸಿಗುವುದೆಲ್ಲ ಬಣ್ಣದ ಪ್ಲಾಸ್ಟಿಕ್ ತಲೆಯ ಪಿನ್. ಹಳೆಯ ತರಹದ್ದು ಯಾರ ಡ್ರಾಯರಿನಲ್ಲಾದರೂ ಬಿದ್ದಿದ್ದರೆ ಹೇಳಿ, ಒಂದೇ ಒಂದು ಸಾಕು.